ಚೊಗರು ಹತ್ತದ ಜಾಗ

ದೊಡ್ಡಪ್ಪನ ಕೆನ್ನೆಯ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಮೂಗಿಗೆ ಹಾಕಿದ್ದ ಟ್ಯೂಬನ್ನು ಹಿಂದಿನ ದಿನವಷ್ಟೇ ತೆಗೆದಿದ್ದರು. ಭಾನುವಾರ ದಾವಣಗೆರೆಯಿಂದ ಬಸ್ ಹತ್ತಿ ಚನ್ನಗಿರಿ ಕಡೆಯ ನಮ್ಮ ಊರಿಗೆ ಹೋದೆ. ದೊಡ್ಡಪ್ಪ ಜಗಲಿ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ ಮಾತು ತೊದಲುತ್ತಿತ್ತು. ಕೇಳಿದ ಪ್ರಶ್ನೆ ಮಾತ್ರ ತೊದಲಲಿಲ್ಲ.

“ಅಲ್ಲವ್ವಾ, ಕೊರೊನಾ ಟೈಮಾಗೆ ಟೀವಿಯೋರು ಇಮ್ಯುನಿಟಿ ಇಮ್ಯುನಿಟಿ ಅಂತ ಬಡ್ಕಂತಿದ್ರಲ್ಲ. ನಿಮ್ಮ ದೊಡ್ಡಮ್ಮ ದಿನಾ ಎರಡು ಲೋಟ ಕಷಾಯ ಕುಡಿಸಿದ್ಲು. ಆ ಇಮ್ಯುನಿಟಿ ನನ್ನ ಬಾಯಾಗೆ ಏನ್ ಮಾಡ್ತಿತ್ತು? ನಿದ್ದೆ ಹೊಡೀತಿತ್ತಾ?”

ನಾನು ಏನೋ ಒಂದು ಹೇಳಿ ಜಾರಿಕೊಂಡೆ. ಮನೆಯಲ್ಲಿ ಲ್ಯಾಬಿನವಳು ಅಂತ ನನಗೊಂದು ಮರ್ಯಾದೆ ಇದೆ, ಅದನ್ನು ಉಳಿಸಿಕೊಳ್ಳುವಷ್ಟು ಹೇಳಿದೆ. ಆದರೆ ಆ ಪ್ರಶ್ನೆ ವಾಪಸ್ ಬರುವಾಗ ಬಸ್ಸಿನಲ್ಲಿ ಜೊತೆಗೇ ಬಂತು. ಒಳ್ಳೆ ಪ್ರಶ್ನೆ ಅದು. ಪ್ರಪಂಚದ ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಕೋಟಿಗಟ್ಟಲೆ ಸುರಿದು ಹುಡುಕುತ್ತಿರುವುದೂ ಇದನ್ನೇ. ಕಾವಲು ಇತ್ತು. ಕಳ್ಳ ಮನೆಯೊಳಗೇ ಹುಟ್ಟಿ, ಅಲ್ಲೇ ಉಂಡು, ಅಲ್ಲೇ ಬೆಳೆದ. ಕಾವಲಿನವರಿಗೆ ಯಾಕೆ ಗೊತ್ತಾಗಲಿಲ್ಲ?

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಹಿಸ್ಟೊಪೆಥಾಲಜಿ ಟೆಕ್ನಿಷಿಯನ್. ಆಪರೇಷನ್ ಥಿಯೇಟರಿನಿಂದ ಫಾರ್ಮಲಿನ್ ಡಬ್ಬಿಯಲ್ಲಿ ಬರುವ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸುತ್ತೇನೆ. ಆ ಮೇಣದ ಅಚ್ಚಿಗೆ ನಾವು ಬ್ಲಾಕ್ ಅನ್ನುತ್ತೇವೆ. ಮೈಕ್ರೊಟೋಮ್ ಅನ್ನೋ ಮಷೀನಿನ ಚಕ್ರ ತಿರುಗಿಸಿದರೆ ಬ್ಲಾಕಿನಿಂದ 4 ಮೈಕ್ರಾನ್ ದಪ್ಪದ ಪದರ ಏಳುತ್ತದೆ. ಅಂದರೆ ಒಂದು ಮಿಲಿಮೀಟರನ್ನು 250 ಭಾಗ ಮಾಡಿದ ಹಾಗೆ. ಪದರಕ್ಕೆ ಪದರ ಅಂಟಿ ರಿಬ್ಬನ್ ಆಗುತ್ತದೆ. ಅದನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡಿಸಿಕೊಂಡು ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತದೆ. ಆಗ ಗಾಜಿನ ಸ್ಲೈಡನ್ನು ನೀರಿಗೆ ಇಳಿಸಿ ಮೆಲ್ಲಗೆ ಎತ್ತಿಕೊಳ್ಳಬೇಕು. ಉಸಿರು ಬಿಟ್ಟರೂ ಮಡಚಿಕೊಳ್ಳುತ್ತದೆ. ಹೊಸಬರಿಗೆ ನಾನು ಮೊದಲು ಕಲಿಸುವುದೇ ಉಸಿರು ಹಿಡಿಯುವುದನ್ನು.

ದೊಡ್ಡಪ್ಪನ ಬಯಾಪ್ಸಿ ನಮ್ಮ ಲ್ಯಾಬಿಗೇ ಬಂದಿತ್ತು. ಫಾರಂ ಮೇಲೆ ಹೆಸರು, ಊರು ನೋಡಿದೆ. ಪಕ್ಕದಲ್ಲಿ ಕೂತಿದ್ದವಳಿಗೆ ಕೊಡಬಹುದಿತ್ತು. ಕೊಡಲಿಲ್ಲ. ನಾನೇ ಕತ್ತರಿಸಿದೆ, ನಾನೇ ಸ್ಟೇನ್ ಹಾಕಿದೆ, ಡಾಕ್ಟರ್ ಬರುವ ಮೊದಲೇ ಮೈಕ್ರೊಸ್ಕೋಪಿನ ಕೆಳಗೆ ಇಟ್ಟು ನೋಡಿದೆ. ಹಾಗೆ ಮಾಡಬಾರದು, ಗೊತ್ತು. ಗುಲಾಬಿ ಬಣ್ಣದ ದುಂಡು ದುಂಡು ಸುರುಳಿಗಳು ಕಂಡವು. ಅವಕ್ಕೆ ಕೆರಾಟಿನ್ ಪರ್ಲ್ ಅನ್ನುತ್ತಾರೆ, ಮುತ್ತು. ಯಾರು ಇಟ್ಟರೋ ಆ ಹೆಸರನ್ನು. ಇಷ್ಟು ವರ್ಷದಲ್ಲಿ ಸಾವಿರಾರು ಸಲ ನೋಡಿದ್ದೇನೆ. ಆವತ್ತು ಮಾತ್ರ ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದೆ.

ಇನ್ನೊಂದು ಕಂಡಿತು. ಗಡ್ಡೆಯ ಅಂಚಿನುದ್ದಕ್ಕೂ ಕಡುನೀಲಿ ಚುಕ್ಕಿಗಳು, ರಾಗಿ ಚೆಲ್ಲಿದ ಹಾಗೆ. ಅವು ಲಿಂಫೋಸೈಟ್‌ಗಳು. ರಕ್ತದ ಬಿಳಿ ಕಣಗಳಲ್ಲಿ ಒಂದು ಜಾತಿ. ದೊಡ್ಡಪ್ಪ ಕೇಳಿದ ಇಮ್ಯುನಿಟಿ ಅಂದರೆ ಬಹಳಮಟ್ಟಿಗೆ ಇವೇ. ಬಂದಿದ್ದವು. ನಿದ್ದೆ ಏನೂ ಹೊಡೆಯುತ್ತಿರಲಿಲ್ಲ. ಆದರೆ ಬೇಲಿಯ ಹೊರಗೇ ನಿಂತಿದ್ದವು. ಒಳಗೆ, ಆ ಮುತ್ತುಗಳ ನಡುವೆ, ಒಂದೋ ಎರಡೋ ಇದ್ದವಷ್ಟೇ.

ಯಾಕೆ ಒಳಗೆ ಹೋಗಲಿಲ್ಲ ಅನ್ನುವುದಕ್ಕೆ ಉತ್ತರ ಹತ್ತಾರಿವೆ. ಅದರಲ್ಲಿ ಒಂದು ನನ್ನನ್ನು ಬಹಳ ವರ್ಷದಿಂದ ಹಿಡಿದುಕೊಂಡಿದೆ. ಯಾಕಂದರೆ ಅದು ಇಲ್ಲದ್ದರ ಕಥೆ.

ಕೆಲಸ ಕಲಿತ ಹೊಸದರಲ್ಲಿ ಮೂರು ವರ್ಷ ಬೆಂಗಳೂರಿನ ಒಂದು ಲ್ಯಾಬಿನಲ್ಲಿದ್ದೆ. ಅಲ್ಲಿ ಇಮ್ಯುನೊ ಸ್ಟೇನ್ ಮಾಡುತ್ತಿದ್ದೆವು. ಸಾಮಾನ್ಯವಾಗಿ ಒಂದೊಂದು ಜೀನ್ ಒಂದೊಂದು ಪ್ರೋಟೀನ್ ಮಾಡುತ್ತದೆ ಅಲ್ವಾ, ಆ ಪ್ರೋಟೀನ್ ಇದ್ದ ಕಡೆ ಮಾತ್ರ ಅಂಟುವ ಒಂದು ದ್ರವ ಹಾಕಿ, ಆಮೇಲೆ ಬಣ್ಣ ಬರಿಸುತ್ತಾರೆ. ಪ್ರೋಟೀನ್ ಇದ್ದರೆ ಕಂದು. ಇಲ್ಲದಿದ್ದರೆ ಬರೀ ಮಬ್ಬು ನೀಲಿ. ಆ ಕಂದು ಬಣ್ಣವನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಚೊಗರು. ಅಡಿಕೆ ಬೇಯಿಸಿದ ನೀರು ಗಟ್ಟಿಯಾದರೆ ಬರುವ ಕೆಂಗಂದು ಬಣ್ಣ. ನಮ್ಮ ಕಡೆ ರಾಶಿ ಇಡಿ ಅಡಿಕೆಗೆ ಆ ಮಿರುಗು ಬರುವುದು ಚೊಗರಿನಿಂದ. ಕೈಗೆ ಹತ್ತಿದರೆ ವಾರ ಹೋಗುವುದಿಲ್ಲ. ಹಂಡೆಯಲ್ಲಿ ಕುದ್ದ ಅಡಿಕೆಯಲ್ಲೂ ಎಲ್ಲೋ ಒಂದಕ್ಕೆ ಸರಿಯಾಗಿ ಹತ್ತುವುದಿಲ್ಲ. ದೊಡ್ಡಮ್ಮ ಅದನ್ನು ಕೂತಲ್ಲೇ ಆರಿಸಿ ಆಚೆಗೆ ಹಾಕುತ್ತಿದ್ದಳು.

ಅಲ್ಲಿ ಒಂದು ಸಲ ಪೆಚ್ಚಾದೆ. ದೊಡ್ಡ ಕರುಳಿನ ಕ್ಯಾನ್ಸರಿನ ಒಂದು ಕೇಸು. ಎಂಎಲ್‌ಎಚ್1 ಅನ್ನೋ ಪ್ರೋಟೀನ್ ಇದೆಯಾ ನೋಡಬೇಕಿತ್ತು. ಸ್ಲೈಡ್ ಪೂರಾ ಖಾಲಿ. “ಸರ್, ಲಾಸ್ ಇದೆ” ಅಂತ ಖುಷಿಯಿಂದ ತೆಗೆದುಕೊಂಡು ಹೋದೆ. ಲಾಸ್ ಅಂದರೆ ಗಡ್ಡೆಯಲ್ಲಿ ಆ ಪ್ರೋಟೀನ್ ಹೋಗಿದೆ ಅಂತ. ಅಪರೂಪದ್ದು ಸಿಕ್ಕಿತು ಅಂತ ಖುಷಿ, ಎಂಥ ಬುದ್ಧಿ ನೋಡಿ. ಹಿರಿಯ ಡಾಕ್ಟರು ಕಣ್ಣಿಟ್ಟು ನೋಡಿ, “ಲಿಂಫೋಸೈಟ್ ನೋಡಿದ್ಯೇನಮ್ಮಾ?” ಅಂದರು. ನೋಡಿರಲಿಲ್ಲ. ಅವೂ ಖಾಲಿ. ರೋಗಿಯ ಒಳ್ಳೆಯ ಜೀವಕೋಶಗಳಲ್ಲಿ ಆ ಪ್ರೋಟೀನ್ ಇರಲೇಬೇಕು. ಅಲ್ಲೂ ಕಂದು ಬಂದಿಲ್ಲ ಅಂದರೆ ಸ್ಟೇನೇ ಕೆಟ್ಟಿದೆ ಅಂತ ಅರ್ಥ. ನಾನು ಸ್ಲೈಡನ್ನು ಬಿಸಿ ಮಾಡುವ ಹಂತದಲ್ಲಿ ಟೈಮರ್ ತಪ್ಪಾಗಿ ಇಟ್ಟಿದ್ದೆ. ಮತ್ತೆ ಮಾಡಿದಾಗ ಗಡ್ಡೆಯೂ ಕಂದು, ಲಿಂಫೋಸೈಟೂ ಕಂದು. ಲಾಸೂ ಇಲ್ಲ, ಏನೂ ಇಲ್ಲ.

ಆವತ್ತಿನಿಂದ ತಲೆಯಲ್ಲಿ ಕೂತಿದೆ. ಒಂದು ವಸ್ತು ಇಲ್ಲ ಅಂತ ಹೇಳಬೇಕಾದರೆ ಪಕ್ಕದಲ್ಲಿ ಅದು ಇರಬೇಕು. ಗಡ್ಡೆ ಖಾಲಿ, ಸುತ್ತಲಿನ ರಾಗಿಕಾಳುಗಳು ಕಂದು. ಆಗ ಮಾತ್ರ ನಂಬಬಹುದು.

ಈಗ ಆ ಇಲ್ಲದ್ದರ ವಿಷಯಕ್ಕೆ ಬರುತ್ತೇನೆ.

ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ 23 ಜೊತೆ ಕ್ರೋಮೊಸೋಮ್ ಇವೆ. ಅದರಲ್ಲಿ 9ನೆಯದಕ್ಕೆ ಒಂದು ಗಿಡ್ಡ ತೋಳು, ಒಂದು ಉದ್ದ ತೋಳು. ಗಿಡ್ಡ ತೋಳಿನ ಮೇಲೆ 9ಪಿ21 ಅಂತ ಒಂದು ವಿಳಾಸ. ಅಲ್ಲಿ ಸಿಡಿಕೆಎನ್2ಎ ಅನ್ನೋ ಜೀನ್ ಇದೆ. ಜೀವಕೋಶ ಸಿಕ್ಕಾಪಟ್ಟೆ ಒಡೆದು ಹೆಚ್ಚದ ಹಾಗೆ ಬ್ರೇಕ್ ಹಾಕುವುದು ಅದರ ಕೆಲಸ. ಅದೊಂದೇ ಜೀನ್ ಎರಡು ಬೇರೆ ಬೇರೆ ಪ್ರೋಟೀನ್ ಮಾಡುತ್ತದೆ, ಎರಡೂ ಬ್ರೇಕುಗಳೇ. ಕ್ಯಾನ್ಸರ್ ಆಗಬೇಕಾದರೆ ಬ್ರೇಕ್ ಹೋಗಬೇಕು. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ, ಎರಡೂ ಹೋಗಬೇಕು. ಎರಡು ಏಟು ಬೀಳಬೇಕು ಅನ್ನುವ ಈ ಲೆಕ್ಕವನ್ನು 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಅನ್ನುವವರು ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ ಹೇಳಿದರು. 9ಪಿ21ರಲ್ಲಿ ಎರಡೂ ಪ್ರತಿ ಕಳಚಿ ಬಿದ್ದಿರುವುದು ಎಲ್ಲ ಕ್ಯಾನ್ಸರ್ ಸೇರಿಸಿದರೆ ನೂರಕ್ಕೆ ಸುಮಾರು 15ರಲ್ಲಿ ಕಾಣುತ್ತದೆ. ಬಾಯಿ ಕ್ಯಾನ್ಸರಿನಲ್ಲಂತೂ ಈ ತೋಳಿಗೆ ಪೆಟ್ಟು ಬೀಳುವುದು ಬಹಳ ಬೇಗ. ಗಡ್ಡೆ ಆಗುವ ಎಷ್ಟೋ ಮೊದಲು, ಕೆನ್ನೆಯೊಳಗೆ ಬರೀ ಬಿಳಿ ಮಚ್ಚೆ ಇರುವಾಗಲೇ.

ಇಷ್ಟು ಹಳೇ ವಿಷಯ. ಪುಸ್ತಕದಲ್ಲಿತ್ತು, ನಾವೂ ಬಾಯಿಪಾಠ ಮಾಡಿದ್ದೆವು. ಆ ಬ್ರೇಕಿನ ಅಕ್ಕಪಕ್ಕದ ಮನೆಗಳಲ್ಲಿ ಯಾರಿದ್ದಾರೆ ಅಂತ ಮಾತ್ರ ಯಾರೂ ಅಷ್ಟಾಗಿ ಕೇಳಿರಲಿಲ್ಲ.

ಒಂದು ಮಗ್ಗುಲಲ್ಲೇ ಎಂಟ್ಯಾಪ್ ಅನ್ನೋ ಜೀನ್. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಇಂಟರ್‌ಫೆರಾನ್ ಜೀನ್‌ಗಳ ಕೇರಿ. 15ಕ್ಕೂ ಜಾಸ್ತಿ ಜೀನ್‌ಗಳು ಸಾಲಾಗಿ ಒಂದೇ ಕಡೆ. ಇಂಟರ್‌ಫೆರಾನ್ ಅಂದರೆ ಜೀವಕೋಶ ಅಪಾಯ ಬಂದಾಗ ಹೊರಗೆ ಬಿಡುವ ಸುದ್ದಿ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅನ್ನುವ ಇಬ್ಬರು ಕೋಳಿಮೊಟ್ಟೆಯೊಳಗಿನ ಪೊರೆಗೆ ಸತ್ತ ಫ್ಲೂ ವೈರಸ್ ಹಾಕಿ ನೋಡುವಾಗ ಇದು ಸಿಕ್ಕಿತು. ಪೆಟ್ಟು ತಿಂದ ಜೀವಕೋಶ ಏನೋ ಒಂದನ್ನು ಹೊರಗೆ ಬಿಡುತ್ತಿತ್ತು, ಅದು ತಗುಲಿದ ಬೇರೆ ಜೀವಕೋಶಗಳು ವೈರಸ್ಸಿಗೆ ಸುಲಭಕ್ಕೆ ಬಗ್ಗುತ್ತಿರಲಿಲ್ಲ.

ಈಗ ನೋಡಿ. ಬ್ರೇಕ್ ಇರುವ ಜಾಗದಲ್ಲಿ ಡಿಎನ್‌ಎ ತುಂಡಾಗಿ ಉದುರುವಾಗ ಅದು ಅಳತೆ ಹಿಡಿದು ಕತ್ತರಿಸಿದ ಹಾಗೆ ಉದುರುವುದಿಲ್ಲ. ದೊಡ್ಡ ಚೂರೇ ಹೋಗುತ್ತದೆ. ನಮ್ಮ ತೋಟದಲ್ಲಿ ಗಾಳಿಮಳೆಗೆ ಅಡಿಕೆ ಮರ ಬಿದ್ದರೆ ಅದನ್ನು ತಬ್ಬಿಕೊಂಡಿದ್ದ ಎಲೆಬಳ್ಳಿಯೂ ಹೋಗುತ್ತದಲ್ಲ, ಹಾಗೆ. ಬಿದ್ದದ್ದು ಮರ. ಮಾರನೇ ದಿನ ಎಲೆ ಕೊಯ್ಯಲು ಬಂದವರಿಗೆ ಮಾತ್ರ ಬಳ್ಳಿ ಹೋದದ್ದು ಗೊತ್ತಾಗುತ್ತದೆ. ಎಷ್ಟೋ ಗಡ್ಡೆಗಳಲ್ಲಿ ಬ್ರೇಕಿನ ಜೊತೆ ಇಂಟರ್‌ಫೆರಾನ್ ಕೇರಿಯೂ ಖಾಲಿಯಾಗಿರುತ್ತದೆ. ಬಹಳ ಕಾಲ ಇದನ್ನು ಸುಮ್ನೆ ಜೊತೆಗೆ ಹೋದ ಕಸ ಅಂದುಕೊಂಡಿದ್ದರು.

2022ರಲ್ಲಿ ನ್ಯೂಯಾರ್ಕಿನ ಒಂದು ತಂಡ ಇಲಿಗಳಲ್ಲಿ ಎರಡು ತರಹದ ಮೇದೋಜೀರಕದ ಗಡ್ಡೆ ಮಾಡಿ ನೋಡಿತು. ಒಂದರಲ್ಲಿ ಬ್ರೇಕ್ ಮಾತ್ರ ಕತ್ತರಿಸಿದರು. ಇನ್ನೊಂದರಲ್ಲಿ ಬ್ರೇಕಿನ ಜೊತೆ ಇಂಟರ್‌ಫೆರಾನ್ ಜೀನ್‌ಗಳನ್ನೂ ಕತ್ತರಿಸಿದರು. ಮೊದಲನೆಯದರಲ್ಲಿ ಕಾವಲಿನ ಕೋಶಗಳು ಚುರುಕಾಗಿದ್ದವು, ಗಡ್ಡೆ ಅಷ್ಟು ಸುಲಭಕ್ಕೆ ಬೇರೆ ಅಂಗಕ್ಕೆ ಹಬ್ಬಲಿಲ್ಲ. ಎರಡನೆಯದು ಕಾವಲಿನ ಕಣ್ಣು ತಪ್ಪಿಸಿ ಹಬ್ಬಿತು. ಅಂದರೆ ಕಸ ಅಂದುಕೊಂಡಿದ್ದೇ ಕಹಳೆ.

ಕಹಳೆ ಅನ್ನೋ ಮಾತು ಬೇಕಂತಲೇ ಹೇಳಿದೆ. ನಮ್ಮ ಕಡೆಯವರಿಗೆ ಚಿತ್ರದುರ್ಗದ ಕೋಟೆ ಅಂದರೆ ಓಬವ್ವ, ಓಬವ್ವ ಅಂದರೆ ಒನಕೆ. ಏಳನೇ ಕ್ಲಾಸಿನಲ್ಲಿ ಟ್ರಿಪ್ ಕರೆದುಕೊಂಡು ಹೋಗಿದ್ದಾಗ ಆ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಿ ಆಚೆ ಬರುವುದೇ ಆಟ. ಹೈದರಾಲಿಯ ಸೈನಿಕರು ಹಾಗೆ ಒಬ್ಬೊಬ್ಬರೇ ನುಸುಳಿದರು, ಓಬವ್ವ ಒಬ್ಬೊಬ್ಬರನ್ನೇ ಕುಟ್ಟಿದಳು. ಇಮ್ಯುನಿಟಿ ಬಗ್ಗೆ ಯಾರೇ ಭಾಷಣ ಮಾಡಲಿ, ಚಿತ್ರದುರ್ಗದ ಸೀಮೆಯಲ್ಲಿ ಅವಳ ಒನಕೆ ಬರದೇ ಮುಗಿಯುವುದಿಲ್ಲ. ನನಗೆ ಅದು ಸಾಕಾಗಿದೆ. ಆದರೆ ಅವಳ ಗಂಡನ ಹೆಸರು ನೆನಪಿದೆಯಾ? ಕಹಳೆ ಮುದ್ದ ಹನುಮ. ಬುರುಜಿನ ಮೇಲೆ ನಿಂತು ಶತ್ರು ಕಂಡರೆ ಕಹಳೆ ಊದುವವನು. ಊಟಕ್ಕೆ ಹೋಗಿದ್ದ. ಕೋಟೆಯೊಳಗೆ ಸೈನ್ಯ ಇತ್ತು, ಕತ್ತಿ ಇತ್ತು, ಏಳು ಸುತ್ತಿನ ಗೋಡೆ ಇತ್ತು. ಆ ಹೊತ್ತಿನಲ್ಲಿ ಇಲ್ಲದ್ದು ಒಂದು ಸದ್ದು ಮಾತ್ರ. ಎಲ್ಲರೂ ಒನಕೆ ನೆನಪಿಟ್ಟುಕೊಂಡರು, ಕಹಳೆಯನ್ನು ಯಾರೂ ಕೇಳಲಿಲ್ಲ.

ಕ್ಯಾನ್ಸರ್ ಕೋಶದ ವಿಚಿತ್ರ ಏನಂದರೆ ಅದು ತನ್ನನ್ನು ತಾನೇ ಹಿಡಿದುಕೊಡಬೇಕು. ಅದು ಅವಸರದಲ್ಲಿ, ಅಡ್ಡಾದಿಡ್ಡಿಯಾಗಿ ಒಡೆಯುತ್ತದೆ. ಡಿಎನ್‌ಎ ಚೂರುಗಳು ಇರಬೇಕಾದ ಕೋಣೆ ಬಿಟ್ಟು ಹೊರಗೆ ಬೀಳುತ್ತವೆ. ಹಾಗೆ ಹೊರಗೆ ಬಿದ್ದ ಡಿಎನ್‌ಎ ಕಂಡರೆ ಸಿಗ್ಯಾಸ್ ಅನ್ನೋ ಪ್ರೋಟೀನ್ ಅದನ್ನು ಹಿಡಿಯುತ್ತದೆ, ಸ್ಟಿಂಗ್ ಅನ್ನೋ ಇನ್ನೊಂದಕ್ಕೆ ತಿಳಿಸುತ್ತದೆ, ಅದು ಇಂಟರ್‌ಫೆರಾನ್ ಮಾಡಿಸುತ್ತದೆ. ಕಳ್ಳನ ಕಾಲಿಗೇ ಗೆಜ್ಜೆ ಕಟ್ಟಿದ ಹಾಗೆ. ಆದ್ದರಿಂದ ಬದುಕಿ ಉಳಿಯುವ ಗಡ್ಡೆ ಅಂದರೆ ಎಲ್ಲೋ ಒಂದು ಕಡೆ ಗೆಜ್ಜೆ ಬಿಚ್ಚಿಕೊಂಡದ್ದು. ಎಲ್ಲಿ ಬಿಚ್ಚಿದೆ ಅನ್ನುವುದು ಗಡ್ಡೆಯಿಂದ ಗಡ್ಡೆಗೆ ಬೇರೆ. ಕೆಲವು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎಲ್‌ಕೆಬಿ1 ಅನ್ನೋ ಜೀನ್ ಹೋದರೆ ಸ್ಟಿಂಗ್ ಬಾಯಿ ಮುಚ್ಚುತ್ತದೆ. ಅಲ್ಲಿ ಸ್ಟಿಂಗ್ ಜೀನ್ ಇದ್ದೇ ಇರುತ್ತದೆ, ಬೀಗ ಬಿದ್ದಿರುತ್ತದೆ ಅಷ್ಟೆ. ಬೀಗ ಅಂದಮೇಲೆ ತೆಗೆಯುವ ಆಸೆ ಇದೆ. ಉದುರಿ ಹೋದದ್ದಕ್ಕೆ ಆ ಆಸೆ ಇಲ್ಲ.

ಊದಲಾಗದ್ದು ಒಂದು ತರಹ. ಕೇಳಲಾಗದ್ದು ಇನ್ನೊಂದು ತರಹ. ಕಾವಲಿನ ಟಿ ಕೋಶಗಳು, ಅವೂ ಲಿಂಫೋಸೈಟುಗಳೇ, ಬಂದು ತಮ್ಮದೇ ಬೇರೆ ಜಾತಿಯ ಇಂಟರ್‌ಫೆರಾನ್ ಸುರಿಯುತ್ತವೆ. ಅದನ್ನು ಕೇಳಿಸಿಕೊಂಡ ಗಡ್ಡೆಯ ಕೋಶ ತನ್ನೊಳಗಿನ ಪ್ರೋಟೀನ್ ಚೂರುಗಳನ್ನು ಹೊರಮೈ ಮೇಲೆ ಜಾಸ್ತಿ ಜಾಸ್ತಿ ತೋರಿಸಬೇಕು. ಈ ಕೇಳಿಸಿಕೊಳ್ಳುವ ದಾರಿಯಲ್ಲಿ ಜ್ಯಾಕ್1, ಜ್ಯಾಕ್2 ಅಂತ ಎರಡು ಕೊಂಡಿಗಳಿವೆ. 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವೈದ್ಯರು ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರಿನ ನಾಲ್ಕು ಜನ ರೋಗಿಗಳ ಬಗ್ಗೆ ಬರೆದರು. ನಾಲ್ವರಿಗೂ ಇಮ್ಯುನೊಥೆರಪಿ, ಅಂದರೆ ಮೈಯ ಕಾವಲನ್ನೇ ಗಡ್ಡೆಯ ಮೇಲೆ ಬಿಡುವ ಔಷಧಿ, ಕೊಟ್ಟಾಗ ಗಡ್ಡೆ ಚೆನ್ನಾಗಿ ಇಳಿದಿತ್ತು. ಎಷ್ಟೋ ತಿಂಗಳಾದ ಮೇಲೆ ಮತ್ತೆ ಬಂತು. ಮೊದಲ ಗಡ್ಡೆ, ಮತ್ತೆ ಬಂದ ಗಡ್ಡೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಬ್ಬರಲ್ಲಿ ಜ್ಯಾಕ್1 ಕೆಟ್ಟಿತ್ತು, ಒಬ್ಬರಲ್ಲಿ ಜ್ಯಾಕ್2, ಇನ್ನೊಬ್ಬರಲ್ಲಿ ಬಿ2ಎಂ ಅನ್ನೋ ಜೀನ್. ನಾಲ್ಕನೆಯವರಲ್ಲಿ ಅಂಥದ್ದು ಏನೂ ಸಿಗಲಿಲ್ಲ. ಆ ನಾಲ್ಕನೆಯವರೇ ನನಗೆ ಜಾಸ್ತಿ ನೆನಪಿರುವುದು.

ಇದನ್ನು ಓದಿ “ಕ್ಯಾನ್ಸರ್ ಎಷ್ಟು ಜಾಣ” ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಾಣತನ ಎಂಥದ್ದೂ ಇಲ್ಲ. ತೋಟಕ್ಕೆ ಕಳೆನಾಶಕ ಹೊಡೆದ ಮೇಲೆ ಉಳಿದ ಕಳೆ ಜಾಣನಾ? ಔಷಧಿ ಹತ್ತದ್ದು ಉಳಿಯಿತು, ಅದರ ಮಕ್ಕಳು ತೋಟ ತುಂಬಿದವು. ಅಷ್ಟೇ.

ಬಿ2ಎಂ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ಅಲ್ಲೊಂದು ಚೆಂದದ ತಿರುವಿದೆ. ಜೀವಕೋಶ ತನ್ನೊಳಗೆ ಏನು ನಡೆಯುತ್ತಿದೆ ಅಂತ ಹೊರಗೆ ಒಂದು ತಟ್ಟೆಯಲ್ಲಿ ಇಟ್ಟು ತೋರಿಸುತ್ತದೆ. ಟಿ ಕೋಶ ತಟ್ಟೆ ನೋಡುತ್ತದೆ, ನಮ್ಮದಲ್ಲದ್ದು ಕಂಡರೆ ಕೊಲ್ಲುತ್ತದೆ. ಬಿ2ಎಂ ಆ ತಟ್ಟೆಗೆ ಊರುಗೋಲು. ಅದು ಹೋದರೆ ಒಂದು ತಟ್ಟೆಯೂ ನಿಲ್ಲುವುದಿಲ್ಲ. ಹಾಗಾದರೆ ಗಡ್ಡೆ ಗೆದ್ದಿತಾ? ಪೂರ್ತಿ ಇಲ್ಲ. 1986ರಲ್ಲಿ ಸ್ವೀಡನ್ನಿನ ಕ್ಲಾಸ್ ಕಾರೆ ಮತ್ತು ಜೊತೆಗಾರರು ತೋರಿಸಿದರು, ಎನ್‌ಕೆ ಅನ್ನೋ ಇನ್ನೊಂದು ಜಾತಿಯ ಕೋಶಗಳು ತಟ್ಟೆಯೇ ಇಲ್ಲದವರನ್ನು ಹುಡುಕಿ ಹೊಡೆಯುತ್ತವೆ. ಗುರುತಿನ ಚೀಟಿ ತೋರಿಸದವನನ್ನೇ ಹಿಡಿಯುವ ಪೊಲೀಸ್. ಅದಕ್ಕೇ ಇರಬೇಕು, ಎಷ್ಟೋ ಗಡ್ಡೆಗಳಲ್ಲಿ ತಟ್ಟೆಗಳ ಅರ್ಧ ಸೆಟ್ ಮಾತ್ರ ಹೋಗಿರುತ್ತದೆ. ಅಪ್ಪನದೋ ಅಮ್ಮನದೋ, ಒಂದು ಕಡೆಯದು. 2017ರಲ್ಲಿ ಲಂಡನ್ನಿನವರು ಶ್ವಾಸಕೋಶದ ಕ್ಯಾನ್ಸರಿನ ಒಂದು ದೊಡ್ಡ ಜಾತಿಯಲ್ಲಿ ನೂರಕ್ಕೆ ಸುಮಾರು 40ರಲ್ಲಿ ಹೀಗೆ ಅರ್ಧ ಹೋಗಿದ್ದನ್ನು ಕಂಡರು. ಎನ್‌ಕೆಗೆ ಚೀಟಿ ಇದೆ, ಟಿ ಕೋಶಕ್ಕೆ ಬೇಕಾದ ಪುಟ ಮಾತ್ರ ಹರಿದಿದೆ.

ಹಾಗಂತ ಜೀನ್ ಹೋದರೆ ಗಡ್ಡೆಗೆ ಯಾವಾಗಲೂ ಲಾಭ ಅಂತಲ್ಲ. ನಾನು ಪೆಚ್ಚಾದ ಆ ಎಂಎಲ್‌ಎಚ್1 ಇದೆಯಲ್ಲ, ಅದು ಡಿಎನ್‌ಎ ನಕಲು ಮಾಡುವಾಗ ಕಾಗುಣಿತ ತಿದ್ದುವ ಜೀನ್. ಅದು ಹೋದರೆ ಗಡ್ಡೆಯ ತುಂಬ ತಪ್ಪುಗಳು. ತಪ್ಪು ಜಾಸ್ತಿಯಾದಷ್ಟೂ ತಟ್ಟೆಯ ಮೇಲೆ ಪರಕೀಯ ಚೂರು ಜಾಸ್ತಿ, ಕಾವಲಿಗೆ ಸುಳಿವು ಜಾಸ್ತಿ. ಇಂಥ ಗಡ್ಡೆ ಮೈಯಲ್ಲಿ ಎಲ್ಲೇ ಇರಲಿ, ಇಮ್ಯುನೊಥೆರಪಿ ಕೊಡಬಹುದು ಅಂತ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂಗ ನೋಡದೆ ಗುಣ ನೋಡಿ ಒಪ್ಪಿಗೆ ಕೊಟ್ಟ ಮೊದಲ ಕ್ಯಾನ್ಸರ್ ಔಷಧಿ ಅದು. ಒಂದೇ ಖಾಲಿ ಸ್ಲೈಡ್. ಎಂಎಲ್‌ಎಚ್1 ಆದರೆ ಡಾಕ್ಟರ್ ಮುಖ ಅರಳುತ್ತದೆ. ಬಿ2ಎಂ ಆದರೆ ಬಾಡುತ್ತದೆ. ಇಂಥ ಗಡ್ಡೆಗಳಲ್ಲೇ ಬಿ2ಎಂ ಕೆಟ್ಟಿರುವುದೂ ಜಾಸ್ತಿ. ಒಂದು ಕಡೆ ಗಲಾಟೆ ಜಾಸ್ತಿಯಾದರೆ ಇನ್ನೊಂದು ಕಡೆ ಬಾಗಿಲು ಹಾಕಿಕೊಂಡ ಹಾಗೆ.

ಬಾಯಿ ಕ್ಯಾನ್ಸರಿಗೆ ವಾಪಸ್ ಬರೋಣ. ಅದು ನಮ್ಮದು. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಇದೇ. ಕೆನ್ನೆ ಮತ್ತು ಒಸಡಿನ ಸಂದಿ, ನಾವು ಎಲೆಅಡಿಕೆ ಒತ್ತಿಟ್ಟುಕೊಳ್ಳುವ ಜಾಗ. 2013ರಲ್ಲಿ ಮುಂಬೈ ಮತ್ತು ಬಂಗಾಳದ ಕಲ್ಯಾಣಿಯ ವಿಜ್ಞಾನಿಗಳು ಸೇರಿ ಈ ಜಾಗದ ಕ್ಯಾನ್ಸರಿನ ಜೀನ್‌ಗಳನ್ನು ಓದಿದರು. ಪದೇ ಪದೇ ಕೆಟ್ಟಿದ್ದ ಜೀನ್‌ಗಳಲ್ಲಿ ಕ್ಯಾಸ್‌ಪೇಸ್-8ರದ್ದೂ ಒಂದು. ಕಾವಲಿನ ಕೋಶ ಬಂದು “ಸಾಯಿ” ಅಂತ ಹೇಳುವ ದಾರಿಗಳಲ್ಲಿ ಒಂದು ಇದರ ಮೂಲಕವೇ ಹೋಗುತ್ತದೆ. ಅಂದರೆ ಊದಲೂ ಇಲ್ಲ, ಕೇಳಲೂ ಇಲ್ಲ, ಕೊನೆಗೆ ಬಂದು ಹೇಳಿದರೂ ಸಾಯುವುದಿಲ್ಲ. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಬಿಳಿ ಮಚ್ಚೆಯಿಂದ ಕ್ಯಾನ್ಸರಿಗೆ ದಾಟುವ ಹೊತ್ತಿನಲ್ಲಿ 9ನೇ ಕ್ರೋಮೊಸೋಮಿನ ಆ ಗಿಡ್ಡ ತೋಳು ಹೋದ ಕಡೆ ಕಾವಲಿನ ಕೋಶಗಳು ಖಾಲಿಯಾಗುವುದನ್ನು ತೋರಿಸಿತು. ಅದೇ ತೋಳಿನ ತುದಿಯಲ್ಲಿ ಜ್ಯಾಕ್2 ಇದೆ. ಇಮ್ಯುನೊಥೆರಪಿ ಔಷಧಿ ಯಾವುದರ ಹಿಡಿತ ಬಿಡಿಸಬೇಕೋ ಆ ಪಿಡಿ-ಎಲ್1 ಜೀನೂ ಅಲ್ಲೇ ಇದೆ. ಒಂದೇ ಬೀದಿ, ಎಷ್ಟು ಮನೆ.

ಅಡಿಕೆ ಬಗ್ಗೆ ಬರೆಯದೆ ಹೋದರೆ ನಾನು ಸುಳ್ಳಿ ಆಗುತ್ತೇನೆ. ಭೀಮಸಮುದ್ರ, ಚನ್ನಗಿರಿ, ಹೊಳಲ್ಕೆರೆ ಸುತ್ತ ಅಡಿಕೆ ಅಂದರೆ ಮನೆ, ಮದುವೆ, ಕಾರು, ಕೋರ್ಟು ಎಲ್ಲ. ನನ್ನ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಫೀಸು ಕಟ್ಟಿದ್ದು ದೊಡ್ಡಪ್ಪ. ಆ ವರ್ಷದ ಚೇಣಿ ದುಡ್ಡಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ 2004ರಲ್ಲೇ ಹೇಳಿತು, ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ. ಊರಲ್ಲಿ ಇದನ್ನು ಹೇಳಿದರೆ “ನಮ್ಮಜ್ಜ ತೊಂಬತ್ತು ವರ್ಷ ಜಗಿದ” ಅಂತ ಬಾಯಿ ಮುಚ್ಚಿಸುತ್ತಾರೆ. ಅಜ್ಜನ ಊಟದ ನಂತರದ ಒಂದು ಎಲೆ ಬೇರೆ, ಹಗಲೂ ರಾತ್ರಿ ಕೆನ್ನೆಯಲ್ಲಿ ಇರುವ ಪುಡಿ ಬೇರೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ. ಎರಡನ್ನೂ ಅಂಗೈಯಲ್ಲಿ ಬೆರೆಸುವುದಕ್ಕೆ ಯಾವ ಕಾನೂನು? ನಮ್ಮ ಲ್ಯಾಬಿಗೆ ಈಗ ಬರುವವರು ಇಪ್ಪತ್ತೆಂಟು, ಮೂವತ್ತು ವಯಸ್ಸಿನ ಹುಡುಗರು. ಬಾಯಿಗೆ ಮೂರು ಬೆರಳು ಹೋಗುವುದಿಲ್ಲ. ದೊಡ್ಡಪ್ಪನಿಗಾದರೂ ಅರವತ್ತೇಳು.

ದೊಡ್ಡಪ್ಪನ ಮೇಲೆ ಸಿಟ್ಟಿದೆಯಾ? ಇದೆ. ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ ಅಂತ ಹಲ್ಲಿನ ಡಾಕ್ಟರು ಹೇಳಿ ನಾಲ್ಕು ವರ್ಷ ಆಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗಂತೂ ಹೇಳಲೇ ಇಲ್ಲ, ಲ್ಯಾಬಿನವಳು ಬೈಯುತ್ತಾಳೆ ಅಂತ.

ಔಷಧಿ ಇದೆಯಾ ಅಂತ ಕೇಳುತ್ತಾರೆ. ಇದೆ, ಎಲ್ಲರಿಗೂ ಹತ್ತುವುದಿಲ್ಲ. ಇಮ್ಯುನಿಟಿಯ ಕಟ್ಟು ಬಿಚ್ಚುವ ದಾರಿ ಕಂಡುಹಿಡಿದದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಮುಂದುವರಿದ ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಬರೀ ಈ ಔಷಧಿ ಕೊಟ್ಟರೆ ಗಡ್ಡೆ ಕುಗ್ಗುವುದು ಐದಾರು ಜನರಲ್ಲಿ ಒಬ್ಬರಿಗೆ. ಖರ್ಚು ಲಕ್ಷಗಟ್ಟಲೆ. ನನಗೆ ಇಷ್ಟವಾದದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2023ರಲ್ಲಿ ಪ್ರಕಟಿಸಿದ ಪ್ರಯೋಗ. 240 ಮಿಲಿಗ್ರಾಂ ಕೊಡುವ ನಿವೊಲುಮ್ಯಾಬ್ ಅನ್ನೋ ಇಂಥದೇ ಔಷಧಿಯನ್ನು ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟರು. ಗುಣವಾಗುವ ಹಂತ ದಾಟಿದವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16 ಇದ್ದದ್ದು 43 ಆಯಿತು. ಬಡವರ ದೇಶದ ಡಾಕ್ಟರು ಮಾತ್ರ ಕೇಳಬಹುದಾದ ಪ್ರಶ್ನೆ ಅದು, ಇಷ್ಟು ಸಾಕಾಗುತ್ತದಾ ಅಂತ. ಇತ್ತ ಎಂಟ್ಯಾಪ್ ಕಳೆದುಕೊಂಡ ಗಡ್ಡೆಗಳಿಗೆ ಒಂದು ದೌರ್ಬಲ್ಯ ಉಳಿಯುತ್ತದೆ, ಪಿಆರ್‌ಎಂಟಿ5 ಅನ್ನೋ ಪ್ರೋಟೀನನ್ನು ತಡೆದರೆ ಅವು ಒದ್ದಾಡುತ್ತವೆ. ಆ ಔಷಧಿಗಳನ್ನು ರೋಗಿಗಳಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ. ಕಳೆದುಹೋದದ್ದನ್ನು ವಾಪಸ್ ತರಲಾಗದಿದ್ದರೂ ಅದು ಹೋದ ಗುಂಡಿಗೇ ಕೈ ಹಾಕುವ ಕೆಲಸ.

ಕಳೆದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ರೇಡಿಯೇಷನ್ ಮುಗಿದಿತ್ತು. ಬಾಯಿ ಎರಡು ಬೆರಳು ತೆರೆಯುತ್ತದೆ. ಗಂಜಿ, ಮೆತ್ತನೆಯ ಅನ್ನ, ಹಾಲು. ಜಗಿಯುವುದು ನಿಂತಿದೆ, ಆದರೆ ಕೈ ಕೇಳುವುದಿಲ್ಲ. ಬಂದವರಿಗೆ ಕೊಡಲು ಅಂತ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಚೂರುಗಳು ಎಲ್ಲ ಒಂದೇ ದಪ್ಪ. ನನ್ನ ಮೈಕ್ರೊಟೋಮ್ ನಾಚಬೇಕು.

ಆ ಹಳೇ ಪ್ರಶ್ನೆಗೆ ಈ ಸಲ ಕೂತು ಉತ್ತರ ಹೇಳಿದೆ. ಮರ, ಬಳ್ಳಿ, ಓಬವ್ವನ ಗಂಡ, ಕಹಳೆ, ಎಲ್ಲ. ಅಡಕೊತ್ತು ನಿಲ್ಲಿಸಿ ಕೇಳಿಸಿಕೊಂಡರು.

“ಹಂಗಾರೆ ನನ್ನದ್ರಾಗೆ ಕಹಳೆ ಇತ್ತಾ, ಇಲ್ವಾ?”

“ಅದನ್ನ ನೋಡಿಲ್ಲ ದೊಡ್ಡಪ್ಪ. ಆ ಟೆಸ್ಟು ಎಲ್ಲರಿಗೂ ಮಾಡಲ್ಲ. ನಿಮ್ಮ ಟ್ರೀಟ್‌ಮೆಂಟಿಗೆ ಬೇಕಾಗಿರಲಿಲ್ಲ.”

“ಆ ಚೂರು ಬಿಸಾಕಿದ್ರಾ?”

“ಇಲ್ಲ. ಬ್ಲಾಕ್ ಇದೆ. ಮೂರನೇ ರ‍್ಯಾಕಿನಲ್ಲಿ, ನಂಬರ್ ಹಾಕಿ ಇಟ್ಟಿದ್ದೀನಿ. ವರ್ಷಗಟ್ಟಲೆ ಇರುತ್ತೆ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕತ್ತರಿಸಿದ ಅಡಿಕೆಯನ್ನು ತಟ್ಟೆಯಲ್ಲಿ ಹರಡಿ, ಅದರಲ್ಲಿ ಬಣ್ಣ ಹತ್ತದ ಒಂದು ಚೂರನ್ನು ಹೆಕ್ಕಿ ಅಂಗಳಕ್ಕೆ ಎಸೆದರು.

“ಇರ‍್ಲಿ ಬಿಡು,” ಅಂದರು. “ಬೇಕಾದಾಗ ನೋಡೀರಂತೆ.”